ಎದೆಲ್ಮಿರಾಳ ಪಾಲಿನ ಸಾರು

ಚೀನೀ ಊಟದ ಹೋಟೆಲಾದ ಚಿಫಾದ ಬಾಗಿಲು ಇನ್ನೂ ಎರಡು ಅಂಗಡಿ ಆಚೆ ಇರುವಾಗಲೇ ದೋನ್ ಎರಾಸ್ಮೊ ನಿಂತು ಮುಖವನ್ನು ಸರಿಪಡಿಸಿಕೊಂಡ. ಹೆಂಡತಿ ಹಾಸಿಗೆ ಹಿಡಿದ ಗಂಡಸಿನ ಮುಖ ಹೇಗಿರಬೇಕೆಂಬುದು ಇಷ್ಟು ತಿಂಗಳಲ್ಲಿ ಅವನಿಗೆ ಅಭ್ಯಾಸವಾಗಿತ್ತು. ತೀರಾ ಬಾಡಿರಬಾರದು, ಬಾಡಿದರೆ ಜನ ಹತ್ತಿರ ಬಂದು ಭುಜ ಹಿಡಿಯುತ್ತಾರೆ. ತೀರಾ ಗೆಲುವಾಗಿಯೂ ಇರಬಾರದು. ಗೆಲುವಾದರೆ ಯಾವಾಗ ಕರೆದುಕೊಂಡು ಬರುತ್ತೀರಿ ಎಂದು ಕೇಳುತ್ತಾರೆ. ನಿದ್ದೆ ಸಾಲದ ಕಣ್ಣು, ತುಸುವೇ ಬಾಗಿದ ಕತ್ತು, ಕೈಯಲ್ಲಿ ತೊಳೆದ ಪಾತ್ರೆ, ಇಷ್ಟು ಸಾಕು. ಮುಚ್ಚಿದ್ದ ಕ್ಷೌರದಂಗಡಿಯ ಗಾಜಿನಲ್ಲಿ ಇದನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದ. ಗಾಜಿನೊಳಗಿನ ಮನುಷ್ಯ ಮಾತ್ರ ಕೆನ್ನೆ ತುಂಬಿಕೊಂಡು, ಚರ್ಮಕ್ಕೆ ಹೊಳಪು ಬಂದು, ಯಾರದೋ ಮದುವೆಗೆ ಹೊರಟವನ ಹಾಗೆ ಕಂಡ. ಅದು ಸಾರಿನ ಪ್ರಭಾವ. ಚಿಫಾದವರು ಎದೆಲ್ಮಿರಾಳಿಗೆಂದು ಕೊಟ್ಟ ಸಾರನ್ನು ಪ್ರತಿ ಭಾನುವಾರ ಸಂಜೆ ಕುಡಿಯುತ್ತಿದ್ದವನು ಅವನೇ. ಎದೆಲ್ಮಿರಾ ಫೆಬ್ರವರಿಯಲ್ಲೇ ತೀರಿಕೊಂಡಿದ್ದಳು.

ಇವತ್ತು ಹೇಳಿಬಿಡಬೇಕು. ಹೇಳದೆ ಬೇರೆ ದಾರಿಯೂ ಉಳಿದಿರಲಿಲ್ಲ. ಕಳೆದ ಭಾನುವಾರ ಚಿಫಾದ ಯಜಮಾನ ತಿಯೋಫಿಲೊ ಕೈ ಒರೆಸಿಕೊಳ್ಳುತ್ತ ಬಂದು, ಏನೋ ಬಹುಮಾನ ಘೋಷಿಸುವವನ ಧಾಟಿಯಲ್ಲಿ, "ಬರೋ ಭಾನುವಾರ ಮಧ್ಯಾಹ್ನದ ಜನ ಕರಗಿದ್ಮೇಲೆ ಅಮ್ಮ ನಿಮ್ಮನೇಗೆ ಬರ್ತಾಳಂತೆ, ದೋನ್ ಎರಾಸ್ಮೊ. ನಾನೆಷ್ಟು ಹೇಳಿದ್ರೂ ಕೇಳ್ಲಿಲ್ಲ. ರೋಗೀದು ನಾಡಿ ಹಿಡಿದು ನೋಡ್ಬೇಕಂತೆ" ಎಂದಿದ್ದ. ಆ ವಾರವೆಲ್ಲ ದೋನ್ ಎರಾಸ್ಮೊ ವಾಕ್ಯಗಳನ್ನು ಕಟ್ಟಿದ, ಕಟ್ಟಿದ್ದನ್ನು ಹೊಡೆದು ಹಾಕಿದ. ಹಾಗೆ ನೋಡಿದರೆ ಈ ಕೆಲಸಕ್ಕೆ ಲೀಮಾದ ಇಡೀ ಬ್ರೆನ್ಯಾ ಬಡಾವಣೆಯಲ್ಲಿ ಅವನಷ್ಟು ಯೋಗ್ಯ ಮನುಷ್ಯ ಮತ್ತೊಬ್ಬನಿರಲಿಲ್ಲ. ಪತ್ರಿಕೆಯೊಂದರಲ್ಲಿ ಕರಡು ತಿದ್ದುವವನಾಗಿ ಅವನು ಸವೆಸಿದ ಆಯುಷ್ಯದ ಬಹುಪಾಲು ಸಾವಿನ ಪ್ರಕಟಣೆಗಳ ಪುಟದಲ್ಲೇ ಕಳೆದಿತ್ತು. ಅತೀವ ದುಃಖದಿಂದ ತಿಳಿಸುತ್ತೇವೆ, ದೈವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ, ಧರ್ಮವಿಧಿಗಳ ಸಾಂತ್ವನ ಪಡೆದು ಕಣ್ಮುಚ್ಚಿದರು: ಯಾವ ದುಃಖಕ್ಕೆ ಎಷ್ಟು ಅಗಲದ ಚೌಕಟ್ಟು, ಯಾವ ಹೆಸರಿನ ಹಿಂದೆ ಯಾವ ಬಿರುದು ಎಂಬುದೆಲ್ಲ ಕಂಠಪಾಠ. ಒಮ್ಮೆ ಸೇನಾಧಿಕಾರಿಯೊಬ್ಬನ ವಿಧವೆ ಗಂಡನ ಹೆಸರಿನ ಒಂದು ಅಕ್ಷರ ತಪ್ಪಿತೆಂದು ಕಚೇರಿಗೇ ಬಂದು ಅತ್ತಿದ್ದಳು. ಅವಳು ಅಕ್ಷರಕ್ಕೆ ಅಳುತ್ತಿದ್ದಾಳೋ ಗಂಡನಿಗೋ ಎಂದು ಅವನು ಆಗ ಯೋಚಿಸಿದ್ದ. ಎದೆಲ್ಮಿರಾಳಿಗಾಗಿ ಒಂದು ಸಾಲನ್ನೂ ಅವನು ಬರೆಯಲಿಲ್ಲ. ಅವಳ ತಂಗಿ ಹಸಿಂತಾ ತಾರ್ಮಾದ ರೇಡಿಯೊದಲ್ಲಿ, ಬಸ್ಸಿನ ಸಮಯ ಮತ್ತು ಆಲೂಗಡ್ಡೆಯ ಧಾರಣೆಗಳ ನಡುವೆ, ಓದಿಸಿದ್ದಳಂತೆ. ಬೆಟ್ಟದ ಆ ಊರಿನ ರೇಡಿಯೊ ಲೀಮಾಕ್ಕೆ ಕೇಳುವುದಿಲ್ಲ.

ಒಳಗೆ ಎಂದಿನ ಹೊಗೆ, ಎಂದಿನ ಗದ್ದಲ. ಅಡಿಗೆಮನೆಯಲ್ಲಿ ಬಾಣಲೆ ಉರಿಯ ಮೇಲೆ ಎಗರಿ ಬೀಳುವ ಸದ್ದು, ಸುಟ್ಟ ಎಣ್ಣೆ ಮತ್ತು ಶುಂಠಿಯ ವಾಸನೆ, ಎತ್ತರದಲ್ಲಿ ಯಾರೂ ನೋಡದ ಟಿ.ವಿ. ಗಲ್ಲಾಪೆಟ್ಟಿಗೆಯ ಮೇಲಿನ ಗೂಡಿನಲ್ಲಿ ಕೆಂಪು ಮುಖದ, ಉದ್ದ ಗಡ್ಡದ ಚೀನೀ ದೈವ ಸಾನ್ ಅಕೋನ್ ಕತ್ತಿ ಹಿಡಿದು ಕೂತಿದ್ದ; ಪಕ್ಕದಲ್ಲೇ ಪವಾಡಗಳ ಪ್ರಭು ಕ್ರಿಸ್ತನ ಪಟ, ಅವನ ಮೆರವಣಿಗೆಯ ತಿಂಗಳು ಅಕ್ಟೋಬರ್ ಆದ್ದರಿಂದ ಅದಕ್ಕೆ ನೇರಳೆ ಬಟ್ಟೆಯ ಅಂಚು. ಇಬ್ಬರಿಗೂ ಸೇರಿ ಒಂದೇ ಕೆಂಪು ಬಲ್ಬು. ಬಡಿಸುವ ಲುಸ್ಮಿಲಾ ದೂರದಿಂದಲೇ ಕೂಗಿದಳು.

"ಬಂದ್ರಾ ದೋನ್ ಎರಾಸ್ಮಿತೊ! ನಿಮ್ಮ ಟೇಬಲ್‌ನಲ್ಲಿ ಒಬ್ಬ ದಢೂತಿ ಬಂದು ಕೂತಿದ್ದ. ಎಬ್ಬಿಸ್ದೆ. ಯಾಕಮ್ಮ, ಇಲ್ಲಿ ಯಾರಾದ್ರೂ ಮಂತ್ರಿ ಬರ್ತಾನಾ ಅಂತ ಕೇಳ್ದ. ಮಂತ್ರಿ ಆಗಿದ್ರೆ ನೀನೇ ಕೂತ್ಕೋ ಅಂತಿದ್ದೆ, ಇದು ಮರ್ಯಾದಸ್ಥರ ಜಾಗ ಅಂದೆ."

"ಪಾಪ, ಕೂತ್ಕೊಳ್ಳಲಿ ಬಿಡಬೇಕಿತ್ತು."

"ಅಯ್ಯೋ, ಆ ಕುರ್ಚಿ ಮುರಿದ್ರೆ ಚಿನೊ ತಿಯೋಫಿಲೊ ನನ್ನ ಸಂಬಳದಲ್ಲಿ ಹಿಡೀತಾನೆ. ಇರ್ಲಿ, ಅಮ್ಮಾವ್ರು ಹೇಗಿದ್ದಾರೆ?"

"ಹಾಗೇ ಇದ್ದಾಳೆ."

ಈ ಎರಡು ಪದಗಳನ್ನು ಅವನು ಬಹಳ ಹುಡುಕಿ ಆರಿಸಿಕೊಂಡಿದ್ದ. ಮೊದಮೊದಲು 'ಪರವಾಗಿಲ್ಲ' ಎನ್ನುತ್ತಿದ್ದ, ಆಮೇಲೆ 'ನಿಧಾನವಾಗಿ' ಎಂದ; ಎರಡೂ ಗಂಟಲಲ್ಲಿ ಗೀರಿದವು. 'ಹಾಗೇ ಇದ್ದಾಳೆ' ಎಂಬ ವಾಕ್ಯ ಮಾತ್ರ ಕರಡು ತಿದ್ದುವವನ ಕಣ್ಣಿಗೆ ನಿರ್ದೋಷವಾಗಿ ಕಂಡಿತು. ಅದರಲ್ಲಿ ತಪ್ಪು ಹುಡುಕುವುದಕ್ಕೇ ಆಗುತ್ತಿರಲಿಲ್ಲ. ಫೆಬ್ರವರಿಯಿಂದ ಈಚೆಗೆ ಎದೆಲ್ಮಿರಾ ಹಾಗೇ ಇದ್ದಳು.

ಲುಸ್ಮಿಲಾ ಎರಡು ತಟ್ಟೆ, ಎರಡು ಚಮಚ ಇಟ್ಟು ಹೋದಳು. ಇದು ಅವನು ಹೇಳಿ ಮಾಡಿಸಿದ್ದಲ್ಲ. ಇಬ್ಬರೂ ಈ ಗೋಡೆಗೆ ಒರಗಿದ ಟೇಬಲ್‌ನಲ್ಲಿ ಕೂತು ಉಣ್ಣಲು ಆರಂಭಿಸಿದ ಕಾಲದಲ್ಲಿ ತಿಯೋಫಿಲೊನ ತಲೆಯಲ್ಲಿ ಕಪ್ಪು ಕೂದಲಿತ್ತು; ಆಗಿನಿಂದ ಅವರಿಗೆ ಏನು ಬೇಕೆಂದು ಯಾರೂ ಕೇಳಿಲ್ಲ. ಹಿಟ್ಟಿನ ಪುಟ್ಟ ಕಡುಬುಗಳ ಒಂದು ವಾಂತಾನ್ ಸೂಪು, ಇಬ್ಬರಿಗೆ ಹಂಚಿ. ಒಂದು ಚಾವುಫಾ, ಉರಿಯಲ್ಲಿ ಹಾರಿಸಿ ಹುರಿದ ಅನ್ನ, ಈರುಳ್ಳಿಸೊಪ್ಪು ಜಾಸ್ತಿ. ಹುಣಸೆ ಗೊಜ್ಜು ಹಚ್ಚಿದ ಕರಿದ ಮಾಂಸದ ಹೋಳುಗಳ ಒಂದು ತಟ್ಟೆ, ಅದು ಅವಳಿಗೆ. ಅವಳು ರುಚಿ ನೋಡುವ ಮೊದಲೇ ಅನ್ನದ ಮೇಲೆ ಸಿಯಾವು, ಆ ಸೋಯಾ ರಸ, ಸುರಿದು ಕಪ್ಪು ಮಾಡುತ್ತಿದ್ದಳು. ಅವನಿಗೆ ಅದು ನೋಡಿದರೇ ಆಗುತ್ತಿರಲಿಲ್ಲ. ಮೊದಲು ರುಚಿ ನೋಡು, ಆಮೇಲೆ ಹಾಕು ಎನ್ನುತ್ತಿದ್ದ. "ನೀನು ಉಣ್ಣೋದೂ ಕರಡು ತಿದ್ದೋ ಹಾಗೇ," ಎನ್ನುತ್ತಿದ್ದಳು ಅವಳು, "ಒಂದೊಂದು ಅಗುಳಿನ ಕೆಳಗೂ ಗೆರೆ ಎಳೀತೀಯ." ಆ ಮಾತು ಕೇಳಿ ಪಕ್ಕದ ಟೇಬಲ್ಲಿನವರು ನಕ್ಕಿದ್ದರು ಒಮ್ಮೆ, ಅವನು ಮನೆಗೆ ಹೋಗುವ ತನಕ ಅವಳ ಜೊತೆ ಮಾತಾಡಲಿಲ್ಲ. ಬೀದಿಯುದ್ದಕ್ಕೂ ಅವಳು ಅರ್ಧ ಹೆಜ್ಜೆ ಹಿಂದೆ ಬಂದಳು, ಕೈಯಲ್ಲಿ ಉಳಿದ ಅನ್ನದ ಪೊಟ್ಟಣ ಹಿಡಿದು. ಇಷ್ಟು ವರ್ಷಗಳಲ್ಲಿ ನೂರಾರು ಭಾನುವಾರ ನಗುನಗುತ್ತ ಉಂಡಿರಬೇಕು, ಆದರೆ ನೆನಪಿಗೆ ಬರುವುದು ಆ ಅರ್ಧ ಹೆಜ್ಜೆ. ಸೂಪಿನ ಬಟ್ಟಲು ಬಂತು. ಹಬೆಗೆ ಅವನ ಕನ್ನಡಕ ಮಂಜಾಯಿತು. ಎದುರಿನ ಕುರ್ಚಿಯಲ್ಲಿ ಯಾರೋ ಇರುವ ಹಾಗೂ ಇಲ್ಲದ ಹಾಗೂ ಆಯಿತು. ಕನ್ನಡಕ ಒರೆಸಿಕೊಳ್ಳಲು ಅವನು ಅವಸರಪಡಲಿಲ್ಲ.

ಸುಳ್ಳೆಂದು ಶುರುವಾದದ್ದೇ ಅಲ್ಲ ಅದು. ಜನವರಿಯ ಕೊನೆಗೆ ಎದೆಲ್ಮಿರಾ, ಲೀಮಾದ ವೈದ್ಯರು ಇನ್ನು ಕೊಯ್ಯುವುದಕ್ಕೇನೂ ಇಲ್ಲ ಎಂದ ಮೇಲೆ, ತಂಗಿಯ ಮನೆಗೆ ಹೋಗುತ್ತೇನೆ ಎಂದಳು. ತಾರ್ಮಾದಲ್ಲಿ ಹೂವಿನ ಗದ್ದೆಗಳಿವೆ, ಕಿಟಕಿಯಿಂದ ಕಾಣುತ್ತವೆ ಎಂದಳು. ಅವನು ಬಸ್ಸು ಹತ್ತಿಸಿ, ಮನೆ ಬಿಲ್ಲು, ಗ್ಯಾಸು, ಪೆನ್ಶನ್ನಿನ ಸಹಿ ಎಂದು ಹಿಂದೆ ಉಳಿದ. ಚಿಫಾದಲ್ಲಿ ಅವಳಿಗೆ ಹುಷಾರಿಲ್ಲ ಎಂದಷ್ಟೇ ಹೇಳಿದ್ದ, ಊರಿಗೆ ಹೋದದ್ದು ಹೇಳಿರಲಿಲ್ಲ. ಫೆಬ್ರವರಿಯ ಮಳೆಗೆ ಬೆಟ್ಟ ಜರಿದು ಕೆಸರು ರಸ್ತೆಗೆ ಇಳಿಯಿತು. ಹಸಿಂತಾ ಫೋನ್ ಮಾಡಿ, "ಬಾವ, ಬೇಗ ಬನ್ನಿ" ಎಂದಾಗ, "ದಾರಿ ಮುಚ್ಚಿದೆ" ಎಂದ. ನಿಜವಾಗಿಯೂ ಮುಚ್ಚಿತ್ತು. ರೇಡಿಯೊದಲ್ಲಿ ಪ್ರತಿ ಗಂಟೆಗೂ ಹೇಳುತ್ತಿದ್ದರು, ಅವನು ಪ್ರತಿ ಗಂಟೆಗೂ ಕೇಳುತ್ತಿದ್ದ, ಕೇಳಿ ಪ್ರತಿ ಸಲವೂ ಎದೆಯಲ್ಲಿ ಒಂದು ನಾಚಿಕೆಗೇಡಿನ ನಿರಾಳ. ಶುಕ್ರವಾರ ದಾರಿ ತೆರೆಯಿತು. ಅದನ್ನೂ ರೇಡಿಯೊ ಹೇಳಿತು. ಅವನು ಚೀಲ ತುಂಬಿದ, ಬಾಗಿಲ ಬಳಿ ಇಟ್ಟ, ಶನಿವಾರ ಬಸ್ಸಿನಲ್ಲಿ ಜಾಗ ಸಿಗಲಿಕ್ಕಿಲ್ಲ ಎಂದು ತಾನೇ ನಿರ್ಧರಿಸಿದ. ಭಾನುವಾರ ಹಸಿವಾಯಿತು. ಚಿಫಾಕ್ಕೆ ಬಂದು ಇದೇ ಕುರ್ಚಿಯಲ್ಲಿ ಕೂತ. ಹೇಗಿದ್ದಾರೆ ಎಂದು ತಿಯೋಫಿಲೊ ಕೇಳಿದಾಗ, "ಸುಧಾರಿಸ್ತಿದ್ದಾಳೆ" ಎಂದ. ಪೂರಾ ಚಾವುಫಾ ತಿಂದು, ಮನೆಗೆ ಹೋಗಿ ಮಲಗಿದ. ಸಂಜೆ ಹಸಿಂತಾಳ ಫೋನ್ ಬಂತು. ಎಷ್ಟು ಹೊತ್ತಿಗೆ ಎಂದು ಅವನು ಕೇಳಿದ. ಅವಳು ಹೇಳಿದ ಹೊತ್ತು, ಅವನು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಸೊಪ್ಪಿನ ನಾರನ್ನು ನಾಲಿಗೆಯಿಂದ ಬಿಡಿಸುತ್ತ ಈ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದ ಹೊತ್ತು.

ಮಣ್ಣಿಗೆ ಇಡುವಷ್ಟರಲ್ಲಿ ಹೋಗಿ ಸೇರಿಕೊಂಡ, ಅದಕ್ಕೇನೂ ಕೊರತೆ ಮಾಡಲಿಲ್ಲ. ವಾಪಸು ಬಂದ ಮೇಲಿನ ಭಾನುವಾರ ಚಿಫಾದಲ್ಲಿ ಬ್ಯಾಪ್ಟಿಸಮ್ಮಿನ ಊಟವೊಂದು ನಡೆಯುತ್ತಿತ್ತು, ಮಕ್ಕಳು ಓಡಾಡುತ್ತಿದ್ದರು, ತಿಯೋಫಿಲೊ ಎರಡು ಕೈಯಲ್ಲೂ ತಟ್ಟೆ ಹಿಡಿದು ಹಾಯುತ್ತಾ, "ಅಮ್ಮಾವ್ರು?" ಎಂದು ಹುಬ್ಬು ಏರಿಸಿದ. ಆ ತಟ್ಟೆಗಳ ನಡುವೆ ಸಾವನ್ನು ಎಲ್ಲಿ ಇಡುವುದು? ದೋನ್ ಎರಾಸ್ಮೊ ಕೈಯಿಂದ, ಇದ್ದಾಳೆ, ನಡೀತಿದೆ, ಎಂಬಂಥ ಒಂದು ಸನ್ನೆ ಮಾಡಿದ. ಹೊರಡುವಾಗ ತಿಯೋಫಿಲೊ ಒಂದು ಅಲ್ಯೂಮಿನಿಯಂ ಪಾತ್ರೆ ತಂದು ಅವನ ಕೈಗಿಟ್ಟ. "ಅಮ್ಮ ಮಾಡಿದ್ದು. ಮೆನುವಿನಲ್ಲಿಲ್ಲ, ದುಡ್ಡು ಅನ್ಬೇಡಿ. ನಿಮ್ಮ ಹೆಂಡ್ತಿಗೆ ಹುಷಾರಿಲ್ಲ ಅಂದೆ. ಎದ್ಲು, ಏಪ್ರನ್ ಕಟ್ಕೊಂಡು ಒಲೆ ಮುಂದೆ ನಿಂತ್ಕೊಂಡ್ಲು. ಅಪ್ಪ ಹೋದಾಗಿನಿಂದ ಗೋಡೆ ಕಡೆ ಮುಖ ಮಾಡಿ ಮಲಗಿದ್ದೋಳು, ದೋನ್ ಎರಾಸ್ಮೊ. ನಾನೂ ಡಾಕ್ಟ್ರೂ ಮಾಡಕ್ಕಾಗದ್ದನ್ನ ನಿಮ್ಮ ಹೆಂಡ್ತಿ ಕಾಯಿಲೆ ಮಾಡ್ತು ನೋಡಿ."

ಅದಾದ ಮೇಲೆ ಪ್ರತಿ ಭಾನುವಾರ ಸಾರು. ಮುದಿ ಹೇಂಟೆ, ಕೆಂಪು ಒಣಹಣ್ಣು, ಹೆಸರು ತಿಳಿಯದ ಬೇರುಗಳು. ತನ್ನ ಊರಿನ ಬೇರು ಸಿಗದಿದ್ದ ಕಡೆ ಮುದುಕಿ ಇಲ್ಲಿಯ ಬೆಟ್ಟದ ಮಾಕಾ ಗೆಡ್ಡೆ ಹಾಕುತ್ತಿದ್ದಳು. ರಾತ್ರಿಯಿಡೀ ಸಣ್ಣ ಉರಿಯಲ್ಲಿ. ರೋಗಿಯ ವರದಿ ಕೇಳಿ ಸಾರು ಬದಲಾಗುತ್ತಿತ್ತು: ಕೆಮ್ಮಾ? ಹಾಗಾದರೆ ಇದು. ಕಾಲು ಬಾತಿದೆಯಾ? ಅದು ತೆಗೆದು ಇದು. ಮೊದಲ ಸಲ ಅವನು ಅದನ್ನು ಚೆಲ್ಲಲು ಸಿಂಕಿನ ಮುಂದೆ ನಿಂತ. ಚೆಲ್ಲಲಾಗಲಿಲ್ಲ, ನಿಂತಲ್ಲೇ ಕುಡಿದ. ಅದು ಹೊಟ್ಟೆಗಿಳಿದು, ಅಂಗಾಲಿಗೆ ಹೋಗಿ, ಅವನು ಅವಳು ತೀರಿಕೊಂಡ ಮೇಲೆ ಮೊದಲ ಬಾರಿಗೆ ಬೆಳಗಿನವರೆಗೆ ನಿದ್ದೆ ಮಾಡಿದ. ಪಾಪವೂ ಇಷ್ಟು ಪೌಷ್ಟಿಕವಾಗಿರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಪಾತ್ರೆಯನ್ನು ಖಾಲಿ ಮರಳಿಸುವಂತಿಲ್ಲ, ಅದು ಆ ಬೀದಿಯ ಯಾವ ಮನೆಯವರೂ ಮಾಡದ ಕೆಲಸ. ಹಾಗಾಗಿ ಒಂದು ವಾರ ನಿಂಬೆಹಣ್ಣು, ಒಂದು ವಾರ ಬ್ರೆಡ್ಡು, ಒಂದು ವಾರ ಸೀಬೆ. ಅವೆಲ್ಲ ಎದೆಲ್ಮಿರಾ ಕಳಿಸಿದ್ದೆಂದು ಮುದುಕಿ ತಿಳಿದಳು; ಅಲ್ಲವೆಂದು ಅವನು ಹೇಳಲಿಲ್ಲ. ಸತ್ತವಳ ಕೈಯಿಂದ ಸೀಬೆಹಣ್ಣು ಹಂಚಿಸುತ್ತಿದ್ದೇನೆ ಎಂದು ಒಮ್ಮೊಮ್ಮೆ ಹೊಳೆಯುತ್ತಿತ್ತು. ಎರಡು ವಾರದ ಹಿಂದೆ, ಹೊರಡುವ ಹೊತ್ತಿಗೆ ಮನೆಯಲ್ಲಿ ಏನೂ ಇರಲಿಲ್ಲ. ಬ್ರೆಡ್ಡಿನ ಅಂಗಡಿ ಮುಚ್ಚಿತ್ತು. ಡ್ರಾಯರ್ ಎಳೆದಾಗ ಅವಳು ಕೊಕ್ಕೆಸೂಜಿಯಲ್ಲಿ ಹೆಣೆದ ಒಂದು ಬಿಳಿಯ ಸಣ್ಣ ಮೇಜುಹೊದಿಕೆ ಕೈಗೆ ಸಿಕ್ಕಿತು. ಎಂದೋ ಹೆಣೆದದ್ದು, ಎಂದೂ ಹಾಸದ್ದು. ಯಾಕೆ ಎಂದು ಯೋಚಿಸುವ ಮೊದಲು ಅದನ್ನು ಮಡಿಸಿ ಪಾತ್ರೆಯಲ್ಲಿಟ್ಟ. ಮುದುಕಿ ಅದನ್ನು ಬಿಡಿಸಿ ಬೆಳಕಿಗೆ ಹಿಡಿದಳಂತೆ. ಹೆಣಿಗೆಯ ಕಣ್ಣು ಎಣಿಸಿದಳಂತೆ. ಒಂದೂ ತಪ್ಪಿಲ್ಲ. ಬೆರಳು ಇಷ್ಟು ನೆಟ್ಟಗೆ ಆಡುತ್ತಿದೆಯೆಂದರೆ ರಕ್ತ ವಾಪಸು ಬಂದಿದೆ ಎಂದಳಂತೆ. ಮಾರನೆಯ ದಿನವೇ ಮಗನನ್ನು ಓಡಿಸಿ ಪವಾಡಗಳ ಪ್ರಭುವಿನ ಭಕ್ತರು ತೊಡುವ ನೇರಳೆ ಬಣ್ಣದ ಹರಕೆ ಅಂಗಿ, ಸೊಂಟದ ಬಿಳಿಯ ದಾರ ತರಿಸಿ ತೊಟ್ಟಳು. ಸಾನ್ ಅಕೋನನ ಮುಂದೆಯೂ ಮೂರು ಊದುಬತ್ತಿ ಹಚ್ಚಿದಳು. "ಇಬ್ಬರ ಕಚೇರೀಲೂ ಅರ್ಜಿ ಹಾಕಿದ್ದಾಳೆ," ಎಂದು ತಿಯೋಫಿಲೊ ನಕ್ಕಿದ್ದ. "ಯಾರ ಕಿಟಕಿ ಮೊದ್ಲು ತೆರೆದ್ರೂ ಆಯ್ತು ಅಂತ."

ಜನ ಕರಗುತ್ತಿದ್ದರು. ನೇರಳೆ ಅಂಗಿಯ ಇಬ್ಬರು ಹೆಂಗಸರು, ಮೆರವಣಿಗೆಯಿಂದ ಬಂದವರಿರಬೇಕು, ಕಾಲು ನೋವೆಂದು ಬೂಟು ಬಿಚ್ಚಿ ಟೇಬಲ್ ಕೆಳಗೆ ಇಟ್ಟು ನೂಡಲ್ಸ್ ತಿನ್ನುತ್ತಿದ್ದರು. ದೋನ್ ಎರಾಸ್ಮೊ ತನ್ನ ಪಾಲು ಮುಗಿಸಿ, ಅಭ್ಯಾಸದಂತೆ, ಅವಳ ಪಾಲಿಗೂ ಕೈ ಹಾಕಿದ. ಹುಣಸೆ ಗೊಜ್ಜು ಅವನಿಗೆ ಸೇರುತ್ತಿರಲಿಲ್ಲ. ಎಂಟು ತಿಂಗಳಿಂದ ತಿನ್ನುತ್ತಿದ್ದಾನೆ, ಈಗಲೂ ಸೇರುವುದಿಲ್ಲ. ವಾಕ್ಯವನ್ನು ಮನಸ್ಸಿನಲ್ಲಿ ಮತ್ತೆ ಜೋಡಿಸಿದ: ಚಿನೊ, ನಿನ್ನ ಹತ್ತಿರ ಒಂದು ವಿಷಯ ಹೇಳಬೇಕು. ತೆಗೆದ. ಚಿನೊ, ನನ್ನಿಂದ ಒಂದು ತಪ್ಪಾಗಿದೆ. ತೆಗೆದ. ತಪ್ಪು ಎಂಬ ಪದ ಇಲ್ಲಿ ಯಾವುದಕ್ಕೆ ಅನ್ವಯ ಎಂದು ಹೇಳುವಂತಿರಲಿಲ್ಲ. ಹೇಳಿದ ಮೇಲೆ ಈ ಬಾಗಿಲಿಗೆ ಮತ್ತೆ ಬರುವಂತಿಲ್ಲ ಎಂಬುದು ಮಾತ್ರ ಸ್ಪಷ್ಟವಿತ್ತು. ಬೀದಿಯ ಮೂಲೆಯಲ್ಲಿ ಇನ್ನೊಂದು ಚಿಫಾ ಇದೆ, ಅಲ್ಲಿ ಅನ್ನ ಮೆದು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು; ಹೆಂಡತಿಯ ಸಾವನ್ನು ಹೇಳಲು ಕೂತವನು ಅನ್ನದ ಹದ ಯೋಚಿಸುತ್ತಿದ್ದ.

ಅಡಿಗೆಮನೆಯ ಪರದೆ ಸರಿಯಿತು. ತಿಯೋಫಿಲೊ ತೊಳೆದ ಅಂಗಿ ತೊಟ್ಟು, ಒದ್ದೆ ತಲೆ ಬಾಚಿಕೊಂಡು ಬಂದ. ಅವನ ತೋಳು ಹಿಡಿದು ತಾಯಿ. ಇಷ್ಟೇ ಇಷ್ಟು ಮುದುಕಿ, ನೇರಳೆ ಅಂಗಿ ನೆಲ ಗುಡಿಸುತ್ತಿತ್ತು, ಮಣಿಕಟ್ಟಿಗೆ ಕೈಚೀಲ ತೂಗಿತ್ತು, ತುಟಿಗೆ ಒಂದಿಷ್ಟು ಬಣ್ಣವನ್ನೂ ಹಚ್ಚಿದ್ದಳು. ಅವಳು ಈ ದೇಶಕ್ಕೆ ಬಂದದ್ದೇ ವಯಸ್ಸಾದ ಮೇಲೆ. ತರಕಾರಿಗಳ ಹೆಸರು, ಸಂಖ್ಯೆಗಳು, ನಮಸ್ಕಾರ, ಇವಿಷ್ಟು ಬಿಟ್ಟರೆ ಊರಿನ ಮಾತು ಅವಳಿಗೆ ಬರುತ್ತಿರಲಿಲ್ಲ. ದೋನ್ ಎರಾಸ್ಮೊನನ್ನು ನೋಡಿ ಹಲ್ಲಿಲ್ಲದ ಕಡೆ ಕೈ ಮುಚ್ಚಿ ನಕ್ಕಳು.

"ಏಳಿ, ಹೊರಡೋಣ. ಟ್ಯಾಕ್ಸಿ ಹೇಳಿದ್ದೀನಿ," ಎಂದ ತಿಯೋಫಿಲೊ.

"ಕೂತ್ಕೋ ಚಿನೊ. ಒಂದು ಮಾತಿದೆ."

"ದಾರೀಲಿ ಆಡೋಣ ಬನ್ನಿ. ಅಮ್ಮ ಬೆಳಗ್ಗೆಯಿಂದ ಬಟ್ಟೆ ಹಾಕ್ಕೊಂಡು ಕೂತಿದ್ದಾಳೆ, ಮೊದಲ ಸಲ ಶಾಲೆಗೆ ಹೋಗೋ ಮಗು ಥರ."

"ಟ್ಯಾಕ್ಸಿ ಬೇಡ. ಎದೆಲ್ಮಿರಾ ಮನೇಲಿಲ್ಲ."

"ಅಯ್ಯೋ. ಆಸ್ಪತ್ರೆಗೆ ಸೇರಿಸಿದ್ರಾ?"

ಒಗೆದು ಮಡಿಸಿಟ್ಟ ಅಂಗಿಯ ಹಾಗೆ ಒಂದು ಸುಳ್ಳು ಅವನೆದುರು ಸಿದ್ಧವಾಗಿ ಬಿದ್ದಿತ್ತು. ಹೌದು ಎಂದರೆ ಸಾಕು; ಇನ್ನೊಂದು ತಿಂಗಳು ಸಿಗುತ್ತದೆ, ಯಾರನ್ನೂ ಒಳಗೆ ಬಿಡುವುದಿಲ್ಲ ಎನ್ನಬಹುದು. ತೋಳು ಅದರೊಳಗೆ ಇನ್ನೇನು ತೂರಿಕೊಳ್ಳುವುದರಲ್ಲಿತ್ತು.

"ಇಲ್ಲ. ತೀರ್ಕೊಂಡ್ಲು," ಎಂದ. "ಫೆಬ್ರವರೀಲಿ. ತಾರ್ಮಾದಲ್ಲಿ."

ತಿಯೋಫಿಲೊನ ಮುಖದಲ್ಲಿ ಏನೂ ಆಗಲಿಲ್ಲ. ಎಣ್ಣೆ ಕಾದಿದೆಯೋ ಇಲ್ಲವೋ ಎಂದು ಬಾಣಲೆ ನೋಡುವವನಂತೆ ನೋಡುತ್ತ ನಿಂತ. ಮುದುಕಿ ಅವನ ತೋಳು ಜಗ್ಗಿದಳು, ಏನೋ ಕೇಳಿದಳು. ಮತ್ತೆ ಜಗ್ಗಿದಳು. ಆಗ ಅವನು ಅವಳ ಕಡೆ ಬಾಗಿ ಅವಳ ಭಾಷೆಯಲ್ಲಿ ಮಾತಾಡತೊಡಗಿದ. ದೋನ್ ಎರಾಸ್ಮೊ ಹೇಳಿದ್ದು ನಾಲ್ಕು ಪದ. ತಿಯೋಫಿಲೊನದು ಮುಗಿಯುತ್ತಲೇ ಇರಲಿಲ್ಲ, ಕೈಯಿಂದ ಬೆಟ್ಟದಂಥದೇನನ್ನೋ ತೋರಿಸಿದ. ಮುದುಕಿಯ ಮುಖ ಮೊದಲು ಸೋತಿತು, ಆಮೇಲೆ ನಿಧಾನವಾಗಿ ಅರಳಿತು. ಅವಳು ಎದೆಲ್ಮಿರಾಳ ಕುರ್ಚಿ ಎಳೆದುಕೊಂಡು ಕೂತು, ಮೇಜಿನ ಮೇಲಿದ್ದ ದೋನ್ ಎರಾಸ್ಮೊನ ಕೈಯನ್ನು ಎರಡು ಸಲ ತಟ್ಟಿದಳು.

"ಮುಖ ನೆಟ್ಟಗಿಡಿ," ಎಂದ ತಿಯೋಫಿಲೊ ನಗುತ್ತಲೇ. "ಅಮ್ಮ ನಿಮ್ಮನ್ನೇ ನೋಡ್ತಿದ್ದಾಳೆ."

"ಏನಂದೆ ಅವಳಿಗೆ?"

"ಹವಾ ಬದಲಾಗ್ಲಿ ಅಂತ ತಂಗಿ ಊರಿಗೆ ಕಳಿಸಿದ್ದೀರಿ ಅಂದೆ. ಬೆಟ್ಟದ ಗಾಳಿಗೆ ಎದ್ದು ಓಡಾಡ್ತಿದ್ದಾರೆ ಅಂದೆ."

"ಚಿನೊ, ಅದು ಸುಳ್ಳು."

"ಹೌದಾ? ನೀವಾ ಹೇಳೋದು ಅದನ್ನ?" ನಗು ತುಟಿಯಲ್ಲೇ ಇತ್ತು, ಕಣ್ಣು ಬೇರೆ ಕಡೆ ಹೋಗಿತ್ತು. "ನಿಮಗೆ ಸುಳ್ಳು ಜೋಡಿಸಕ್ಕೆ ಎಂಟು ತಿಂಗಳು ಸಿಕ್ತು, ದೋನ್ ಎರಾಸ್ಮೊ. ನನಗೆ ಅಮ್ಮ ಎರಡ್ನೇ ಸಲ ತೋಳು ಜಗ್ಗೋವರೆಗೆ ಮಾತ್ರ. ನಾನಿನ್ನೇನು ಹೇಳ್ಲಿ? ಹೆಣಕ್ಕೆ ಸಾರು ಕಾಯಿಸಿದೆ ಕಣಮ್ಮ ಅನ್ಲಾ? ನಾಳೆಯಿಂದ ಮತ್ತೆ ಗೋಡೆ ಕಡೆ ತಿರುಗ್ತಾಳೆ. ಈ ಸಲ ಏಳಲ್ಲ."

"ನಾನು ಹೇಳ್ಬೇಕು ಅಂತ ಪ್ರತಿ ವಾರ..."

"ಒಂದ್ನಿಮಿಷ. ಆ ಸಾರು? ಕೋಳಿ ಮಾರ್ಕೆಟ್ಟಲ್ಲಿ ಮುದಿ ಹೇಂಟೆಗೋಸ್ಕರ ಜಗಳ ಆಡ್ತಿದ್ದೆ ನಾನು. ಅದನ್ನ ಯಾರು ಕುಡೀತಿದ್ರು?"

"ನಾನು."

ತಿಯೋಫಿಲೊ ಅವನ ಕೆನ್ನೆಗಳನ್ನು ನೋಡಿದ. ನಿಜವಾಗಿಯೇ ಒಂದು ನಗು ಹೊರಬಂತು. ಅದು ಕೆಮ್ಮಾಗಿ ಮುಗಿಯಿತು. "ಅದಕ್ಕೇ," ಎಂದ. "ಲುಸ್ಮಿಲಾ ಹೇಳ್ತಿದ್ಲು, ಈ ಮುದುಕ ಯಾರನ್ನೋ ಇಟ್ಕೊಂಡಿರ್ಬೇಕು, ದಿನೇ ದಿನೇ ಚಿಗುರ್ತಿದ್ದಾನೆ ಅಂತ." ಮಗ ನಕ್ಕದ್ದು ನೋಡಿ ಮುದುಕಿಯೂ ನಕ್ಕಳು. ಒಳ್ಳೆಯ ಸುದ್ದಿಯೇ ಬಂದಿದೆ ಎಂದುಕೊಂಡಿರಬೇಕು. ಕೈಚೀಲ ಮಡಿಲಿಗಿಟ್ಟು ಏನೋ ಕೇಳಿದಳು.

"ಅಲ್ಲಿ ಏನು ಊಟ ಮಾಡ್ತಾರೆ ಅಂತ ಕೇಳ್ತಾಳೆ," ಎಂದ ತಿಯೋಫಿಲೊ. "ಏನಾದ್ರೂ ಹೇಳಿ. ಬಾಯಿ ಆಡಿಸಿ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ. ಆದ್ರೆ 'ಸತ್ಲು' ಅನ್ನೋ ಪದ ಬೇಡ, ಅದೊಂದು ಅವಳಿಗೆ ಗೊತ್ತು. ಮೀನಂಗಡೀಲಿ ಕಲ್ತಿದ್ದಾಳೆ."

ದೋನ್ ಎರಾಸ್ಮೊ ಮುದುಕಿಯ ಕಡೆ ನೋಡಿದ. ಅವಳು ಬಾಯಿ ತುಸು ತೆರೆದು ಕಾಯುತ್ತಿದ್ದಳು. ಫೆಬ್ರವರಿಯಿಂದ ಯಾರೂ ಅವನ ಉತ್ತರಕ್ಕೆ ಹೀಗೆ ಕಾದಿರಲಿಲ್ಲ. ಕೇಳಿ, ಉತ್ತರ ಬರುವುದರೊಳಗೆ ತಟ್ಟೆ ಹಿಡಿದು ಮುಂದೆ ಹೋಗುತ್ತಿದ್ದರು.

"ಕೊನೇ ವಾರ ನೀರೂ ಇಳೀತಿರ್ಲಿಲ್ವಂತೆ," ಎಂದ. "ಹಸಿಂತಾ ಹತ್ತಿ ಅದ್ದಿ ತುಟಿ ಒದ್ದೆ ಮಾಡ್ತಿದ್ಲು."

ತಿಯೋಫಿಲೊ ತಾಯಿಯ ಕಡೆ ತಿರುಗಿ ಏನೋ ಹೇಳಿದ. ಅವಳು ಮೆಚ್ಚುಗೆಯಿಂದ ತಲೆಯಾಡಿಸಿದಳು, ಇನ್ನೊಂದು ಕೇಳಿದಳು.

"ನಿದ್ದೆ?"

"ರಾತ್ರಿಯೆಲ್ಲ ನನ್ನ ಹೆಸರು ಹಿಡಿದು ಕೂಗ್ತಿದ್ಲಂತೆ. ಕಿಟಕಿ ಹತ್ರ ಮಂಚ ಹಾಕಿ ಅಂದ್ಲಂತೆ, ಹೂವಿಗಲ್ಲ. ಬಸ್ಸು ಬರೋದು ಕಾಣತ್ತೆ ಅಂತ."

ಅದನ್ನೂ ತಿಯೋಫಿಲೊ ದಾಟಿಸಿದ, ಸಣ್ಣ ದನಿಯಲ್ಲಿ. ಮುದುಕಿ ಸಮಾಧಾನದ ಉಸಿರು ಬಿಟ್ಟಳು. ಪಕ್ಕದ ಟೇಬಲ್ಲಿನ ಹೆಂಗಸರು ಬೂಟಿಗೆ ಕಾಲು ತೂರಿಸುತ್ತ ಇವರ ಕಡೆ ನೋಡಿ ಮುಗುಳ್ನಕ್ಕರು. ದೂರದಿಂದ ನೋಡಿದರೆ ಇದು ಯಾವುದೋ ಸಂಬಂಧ ಕುದುರಿಸುವ ಮಾತುಕತೆಯಂತೆಯೇ ಕಾಣುತ್ತಿತ್ತು. ಮುದುಕಿ ಈಗ ಹುಬ್ಬು ಗಂಟಿಕ್ಕಿ, ಬೆರಳನ್ನು ದೋನ್ ಎರಾಸ್ಮೊನ ಎದೆಯ ಕಡೆ ಚುಚ್ಚಿ, ಚಿಕ್ಕದೊಂದು ಪ್ರಶ್ನೆ ಕೇಳಿದಳು. ತಿಯೋಫಿಲೊ ಅದನ್ನು ಬದಲಿಸಬಹುದಿತ್ತು. ಬದಲಿಸಲಿಲ್ಲ.

"ನೀವ್ಯಾಕೆ ಅವರ ಜೊತೆಗಿಲ್ಲ ಅಂತ ಕೇಳ್ತಾಳೆ."

"ದಾರಿ ಮುಚ್ಚಿತ್ತು," ಎಂದ ದೋನ್ ಎರಾಸ್ಮೊ. ನಿಲ್ಲಿಸಿದ. ವಾಕ್ಯ ಸರಿಯಿತ್ತು, ವ್ಯಾಕರಣ ಸರಿಯಿತ್ತು, ಮುದುಕಿ ಕಾಯುತ್ತಲೇ ಇದ್ದಳು. "ಆಮೇಲೆ ತೆರೀತು. ನಾನು ಹೋಗ್ಲಿಲ್ಲ. ನೋಡಕ್ಕೆ ಭಯ ಆಯ್ತು ಚಿನೊ. ಚೀಲ ತುಂಬಿ ಬಾಗಿಲಲ್ಲಿಟ್ಟು, ಇಲ್ಲಿಗೆ ಬಂದೆ. ಆವತ್ತು ಭಾನುವಾರ. ಅವಳ ಉಸಿರು ನಿಂತಾಗ ನಾನು ಇಲ್ಲೇ ಕೂತು ಉಣ್ತಿದ್ದೆ. ನೀನು ಕೇಳ್ದೆ. ಸುಧಾರಿಸ್ತಿದ್ದಾಳೆ ಅಂದೆ. ಇನ್ನೊಂಚೂರು ಅನ್ನ ಹಾಕ್ಲಾ ಅಂದೆ ನೀನು. ಹಾಕು ಅಂದೆ."

ಮುದುಕಿ ಒಮ್ಮೆ ಈ ಬಾಯಿ ಒಮ್ಮೆ ಆ ಬಾಯಿ ನೋಡಿದಳು. ಲುಸ್ಮಿಲಾ ಎಲ್ಲೋ ಚಮಚಗಳನ್ನು ಒಂದರ ಮೇಲೊಂದು ಎಸೆಯುತ್ತಿದ್ದಳು. ಕೊನೆಗೆ ತಿಯೋಫಿಲೊ ತಾಯಿಗೆ ಹೇಳಿದ್ದು ಬಹಳ ಚಿಕ್ಕದಾಗಿತ್ತು. ಅವಳು ಕೇಳಿ, ಇಷ್ಟೇನಾ ಎಂಬಂತೆ ಕೈ ಕೊಡವಿ, ಗದರುವ ದನಿಯಲ್ಲಿ ಏನೋ ಅಂದು, ಮೇಜಿನ ಮೇಲೆ ಉಳಿದಿದ್ದ ಅನ್ನವನ್ನು ಚಮಚದಿಂದ ಬಳಿದು ದೋನ್ ಎರಾಸ್ಮೊನ ತಟ್ಟೆಗೆ ಹಾಕಿದಳು.

"ಏನಂದ್ಲು?"

"ಹೆಂಡ್ತಿ ಊರಲ್ಲಿಲ್ದಾಗ ಗಂಡ್ಸು ಊಟಕ್ಕೆ ಇಲ್ಲಿಗೆ ಬರದೆ ಇನ್ನೆಲ್ಲಿಗೆ ಹೋಗ್ಬೇಕು ಅಂದ್ಲು."

"ನೀನು ಏನು ಹೇಳ್ದೆ ಅವಳಿಗೆ?"

ತಿಯೋಫಿಲೊ ಪಕ್ಕದ ಟೇಬಲ್ಲಿನಿಂದ ಕುರ್ಚಿಯೊಂದನ್ನು ಎಳೆದು ಇಬ್ಬರ ನಡುವೆ ಹಾಕಿಕೊಂಡು ಕೂತ. ತೊಳೆದ ಅಂಗಿಯ ಕಂಕುಳಲ್ಲಿ ಬೆವರು ಒಡೆದಿತ್ತು. "ಬರೋ ಭಾನುವಾರವೂ ಬರ್ಬೇಕು ನೀವು," ಎಂದ. "ಸುದ್ದಿ ಇಲ್ದೆ ಅವಳು ಒಲೆ ಹಚ್ಚಲ್ಲ. ಅದರ ಮುಂದಿನ ವಾರವೂ. ಬೇರೆ ಚಿಫಾ ಕಡೆ ತಲೆ ಹಾಕಿದ್ರೆ ಮನೇಗೆ ಬಂದು ಎಳ್ಕೊಂಡು ಬರ್ತೀನಿ. ನಿಮ್ಮನ್ನ ಕ್ಷಮಿಸ್ದೆ ಅಂತ ತಿಳ್ಕೋಬೇಡಿ."

"ಇಲ್ಲ."

"ಸರಿ. ಮುಗೀತಾ?"

ದೋನ್ ಎರಾಸ್ಮೊ ತಟ್ಟೆಯಲ್ಲಿನ ಅನ್ನ ನೋಡಿದ. ಅದು ಆರಿತ್ತು. ಹಸಿಂತಾ ಹೇಳಿದ್ದು, ತಾನು ಯಾರಿಗೂ ಹೇಳದ್ದು, ಬಾಗಿಲಲ್ಲಿ ಇಟ್ಟಿದ್ದ ಚೀಲದೊಳಗೆ ಏನೇನಿತ್ತು ಎಂಬುದು, ಸಮಾಧಿಯ ಬಳಿ ಹಸಿಂತಾ ತನ್ನ ಕೈಯನ್ನು ಅವನಿಗೆ ಹಿಡಿಯಲು ಕೊಡದಿದ್ದುದು, ಎಲ್ಲ ಒಂದರ ಹಿಂದೆ ಒಂದು ಬಂದು ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತವು. ಮುದುಕಿ ಕತ್ತು ಮುಂದೆ ಚಾಚಿದಳು.

"ಇನ್ನೂ ಇದೆ," ಎಂದ.

ತಿಯೋಫಿಲೊ ತಲೆಯಾಡಿಸಿದ. ಅದು ಏನೆಂದು ಕೇಳುವುದಕ್ಕೂ ಕಾಯದೆ, ತಾಯಿಯ ಕಡೆ ತಿರುಗಿ ಎದೆಲ್ಮಿರಾಳ ಸುದ್ದಿ ಹೇಳಲು ಶುರುಮಾಡಿದ.